ಸಿಪಿ ಇರುವ ಮಗನನ್ನು ಕುದುರೆ ಸವಾರಿ ಥೆರಪಿಗೆ ಸೇರಿಸಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಆರು ವರ್ಷ. ಏಳು ತಿಂಗಳಿಗೇ ಹುಟ್ಟಿದವನು, ಸೆರೆಬ್ರಲ್ ಪಾಲ್ಸಿ (ಸಿಪಿ) ಇದೆ, ಅಂದರೆ ಮಿದುಳಿಗೆ ಆದ ತೊಂದರೆಯಿಂದ ಮೈಯ ಚಲನೆ ಹತೋಟಿಗೆ ಸರಿಯಾಗಿ ಬರುವುದಿಲ್ಲ. ಕೈ ಪರವಾಗಿಲ್ಲ, ಎರಡೂ ಕಾಲು ಬಿಗಿ. ವಾಕರ್ ಹಿಡಿದು ಮನೆಯೊಳಗೆ ನಡೆಯುತ್ತಾನೆ, ಆದರೆ ತೊಡೆಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತವೆ. ಮಾತು ಸ್ಪಷ್ಟ, ಬುದ್ಧಿ ಚುರುಕು. ಮೂರು ವರ್ಷದಿಂದ ವಾರಕ್ಕೆ ನಾಲ್ಕು ದಿನ ಫಿಸಿಯೋ ತಪ್ಪಿಸಿಲ್ಲ. ಈಗೀಗ ಫಿಸಿಯೋ ಮ್ಯಾಟ್ ಕಂಡರೆ ಸಾಕು, ಅಳು ಶುರು. "ಅಮ್ಮ, ಇವತ್ತು ಎಳೆಯೋದು ಬೇಡ" ಅನ್ನುತ್ತಾನೆ. ಎಳೆಯೋದು ಅಂದರೆ ತೊಡೆಯ ಸ್ಟ್ರೆಚಿಂಗ್. ಆ ಮಾತು ಕೇಳಿದ ದಿನ ನನಗೆ ಊಟ ಸೇರುವುದಿಲ್ಲ.

ಹೋದ ತಿಂಗಳು ಕ್ಲಿನಿಕ್ಕಿನಲ್ಲಿ ಒಬ್ಬ ತಾಯಿ ಸಿಕ್ಕಿದ್ದರು. ಅವರ ಮಗಳನ್ನು ಬೆಂಗಳೂರಿನ ಹೊರಗೆ ಒಂದು ಕಡೆ ವಾರಕ್ಕೊಮ್ಮೆ ಕುದುರೆ ಮೇಲೆ ಕೂರಿಸುತ್ತಾರಂತೆ. ಇಳಿಸಿದ ಮೇಲೆ ಕಾಲು ಸಡಿಲ ಇರುತ್ತದೆ ಅಂದರು. ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ನಮ್ಮ ಅತ್ತೆ ಕೇಳುವುದೂ ಸರಿ: "ನೆಲದ ಮೇಲೇ ನಿಲ್ಲೋಕೆ ಆಗದ ಮಗೂನ ಕುದುರೆ ಮೇಲೆ ಕೂರಿಸ್ತೀಯಾ?"

ಇದು ನಿಜವಾಗಿ ಕೆಲಸ ಮಾಡುತ್ತದಾ? ಬಿದ್ದರೆ ಗತಿ ಏನು? ಯಾರನ್ನು ಏನು ಕೇಳಬೇಕು ಅನ್ನುವುದೇ ನನಗೆ ಗೊತ್ತಿಲ್ಲ.

ಆಟಿಸಂ ಅಪ್ಪ

ಅಕ್ಕ, ಮೊದಲು ನನ್ನ ಕೆಟ್ಟ ಅನುಭವ ಹೇಳಿಬಿಡುತ್ತೇನೆ. ಒಳ್ಳೆಯದನ್ನು ಆಮೇಲೆ ಹೇಳುತ್ತೇನೆ.

ನನ್ನ ಮಗನಿಗೆ ಆಟಿಸಂ, ಈಗ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಒಂದು ಜಾಗಕ್ಕೆ ಹೋಗಿದ್ದೆವು. ಹೆಸರು ಬೇಡ. ಗೇಟಿನ ಮೇಲೆ ದೊಡ್ಡದಾಗಿ ಥೆರಪಿ ಅಂತ ಬೋರ್ಡು. ಒಳಗೆ ಒಬ್ಬ ಹುಡುಗ, ಕೈಯಲ್ಲಿ ಹಗ್ಗ, ಒಂದು ಕುದುರೆ. ಅಷ್ಟೇ. ಮಗನ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಎತ್ತಿ ಕೂರಿಸಿದರು, ಹೆಲ್ಮೆಟ್ ಇಲ್ಲ. ಅವನು ಗಾಬರಿಯಲ್ಲಿ ಕಿರುಚಿದ, ಕುದುರೆ ಬೆದರಿ ಪಕ್ಕಕ್ಕೆ ಜಿಗಿಯಿತು. ನಾನು ಹಿಡಿದುಕೊಂಡೆ, ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಅದಾಗಿ ಒಂದು ವರ್ಷ ಟಿವಿಯಲ್ಲಿ ಕುದುರೆ ಬಂದರೂ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಬೋರ್ಡು ನೋಡಿ ಹೋಗಬೇಡಿ. ಬೀಚಿನಲ್ಲಿ, ಗುಡ್ಡದ ಮೇಲೆ ಟೂರಿಸ್ಟುಗಳನ್ನು ಕೂರಿಸಿ ಒಂದು ರೌಂಡು ಹಾಕಿಸುವುದೂ ಥೆರಪಿಯೂ ಒಂದೇ ಅಲ್ಲ.

ಫಿಸಿಯೋ ಹುಬ್ಬಳ್ಳಿ

ನಾನು ಮಕ್ಕಳ ಫಿಸಿಯೋ. ಹನ್ನೊಂದು ವರ್ಷದಿಂದ ಸಿಪಿ ಮಕ್ಕಳ ಜೊತೆಗೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹೆಸರಿನ ಗೊಂದಲ. ಹಿಪ್ಪೋಥೆರಪಿ ಅಂತ ಕೇಳಿರುತ್ತೀರಿ. ಹಿಪ್ಪೋಸ್ ಅಂದರೆ ಗ್ರೀಕಿನಲ್ಲಿ ಕುದುರೆ. ಹಿಪ್ಪೊಪೊಟಮಸ್ ಅಂದರೆ ನದಿಯ ಕುದುರೆ, ನಮ್ಮ ನೀರುಕುದುರೆ ಅನ್ನುವ ಹೆಸರೂ ಅದೇ ಅರ್ಥದ್ದು. ಹಿಪ್ಪೋಥೆರಪಿಯಲ್ಲಿ ಮಗು ಸವಾರಿ ಕಲಿಯುವುದಿಲ್ಲ. ಫಿಸಿಯೋ, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಲು ಕಲಿಸುವವರು) ಅಥವಾ ಸ್ಪೀಚ್ ಥೆರಪಿಸ್ಟ್ ತಮ್ಮ ಚಿಕಿತ್ಸೆಗೆ ಕುದುರೆಯ ನಡಿಗೆಯನ್ನು ಬಳಸಿಕೊಳ್ಳುತ್ತಾರೆ, ನಾವು ಕ್ಲಿನಿಕ್ಕಿನಲ್ಲಿ ದೊಡ್ಡ ಬಾಲ್ ಬಳಸುವ ಹಾಗೆ. ಥೆರಪ್ಯೂಟಿಕ್ ರೈಡಿಂಗ್ ಬೇರೆ. ಅಲ್ಲಿ ತರಬೇತಿ ಪಡೆದ ಸವಾರಿ ಶಿಕ್ಷಕರು ಮಗುವಿಗೆ ಸವಾರಿಯನ್ನೇ ಕಲಿಸುತ್ತಾರೆ, ಅದರ ಶಕ್ತಿಗೆ ತಕ್ಕ ಹಾಗೆ. ಎರಡೂ ಒಳ್ಳೆಯದೇ. ನಿಮ್ಮ ಮಗನಿಗೆ ಶುರುವಿನಲ್ಲಿ ಮೊದಲನೆಯದು ಬೇಕು.

ಕುದುರೆಯೇ ಯಾಕೆ? ಕುದುರೆ ನಡೆಯುವಾಗ ಅದರ ಬೆನ್ನು ಮೂರು ಬಗೆಯಲ್ಲಿ ಆಡುತ್ತದೆ. ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ. ಜೊತೆಗೆ ಸಣ್ಣ ತಿರುವು ಕೂಡ. ನಾವು ನಡೆಯುವಾಗ ನಮ್ಮ ಸೊಂಟ ಆಡುವುದೂ ಹೀಗೇ. ಅಂದರೆ, ಕಾಲಲ್ಲಿ ಸರಿಯಾಗಿ ನಡೆಯಲಾಗದ ಮಗುವಿನ ಸೊಂಟಕ್ಕೆ ನಡಿಗೆಯ ಅನುಭವ ಸಿಗುತ್ತದೆ. ಕುದುರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕುತ್ತದೆ ಅಂದುಕೊಳ್ಳಿ. ಇಪ್ಪತ್ತು ನಿಮಿಷಕ್ಕೆ 2000 ಸಲ ಮಗು ತನ್ನ ಬೆನ್ನು, ಹೊಟ್ಟೆ, ಕುತ್ತಿಗೆಯನ್ನು ಸರಿಮಾಡಿಕೊಳ್ಳಬೇಕು. ನನ್ನ ಕ್ಲಿನಿಕ್ಕಿನಲ್ಲಿ ಯಾವ ಮಗುವಿಗೂ ಒಂದೇ ಸಮನೆ 2000 ಸಲ ಏನನ್ನೂ ಮಾಡಿಸಲು ನನ್ನಿಂದ ಆಗಿಲ್ಲ. ಇನ್ನೊಂದು, ಕುದುರೆಯ ಮೈ ಬಿಸಿ ನಮಗಿಂತ ಒಂದು ಡಿಗ್ರಿ ಜಾಸ್ತಿ, ಸುಮಾರು 38 ಸೆಲ್ಸಿಯಸ್. ಜೀನು ಹಾಕದೆ ತೆಳು ಪ್ಯಾಡಿನ ಮೇಲೆ ಕೂರಿಸಿದರೆ ಆ ಬಿಸಿ ತೊಡೆಯ ಒಳಭಾಗಕ್ಕೆ ತಾಗುತ್ತದೆ. ಕಾಲು ಅಗಲಿಸಿ ಕೂತಿರುವಾಗ ಬಿಸಿ, ತೂಗು ಎರಡೂ ಒಟ್ಟಿಗೆ ಸಿಕ್ಕಿ ಬಿಗಿತ ಇಳಿಯುತ್ತದೆ.

ಈಗ ಮುಖ್ಯ ವಿಷಯ. ಅಕ್ಕ, ಮಗನ ಸೊಂಟದ ಕೀಲಿನ ಎಕ್ಸ್‌ರೇ ಕೊನೆಯ ಸಲ ಯಾವಾಗ ಮಾಡಿಸಿದ್ದು? ಸಿಪಿ ಇರುವ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ತೊಡೆಮೂಳೆಯ ತಲೆ ಕೀಲಿನಿಂದ ನಿಧಾನಕ್ಕೆ ಹೊರಗೆ ಜಾರುತ್ತಾ ಹೋಗುತ್ತದೆ. ಮೊದಮೊದಲು ನೋವು ಇರುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಅಂಥ ಕೀಲನ್ನು ಅಗಲದ ಬೆನ್ನಿನ ಕುದುರೆ ಮೇಲೆ ಅಗಲಿಸಿ ಕೂರಿಸಿದರೆ ಅಪಾಯ. ಎಕ್ಸ್‌ರೇ ಮಾಡಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಕೂರಬಹುದು ಅಂತ ಅವರು ಬರೆದುಕೊಟ್ಟ ಮೇಲೆ ಕುದುರೆಯ ಮಾತು.

ಡೌನ್ ಸಿಂಡ್ರೋಮ್ ಮಕ್ಕಳ ಪೋಷಕರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಆ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವೆ ಸಡಿಲ ಇರುತ್ತದೆ. ಡಾಕ್ಟರಿಂದ ಕುತ್ತಿಗೆ ಪರೀಕ್ಷೆ ಆಗದೆ ಸವಾರಿ ಬೇಡವೇ ಬೇಡ. ಹತೋಟಿಗೆ ಬಾರದ ಫಿಟ್ಸ್, ಮೂಳೆ ಸುಲಭವಾಗಿ ಮುರಿಯುವ ಕಾಯಿಲೆ, ಬೆನ್ನು ತುಂಬ ಬಾಗಿರುವುದು, ಕೂರುವ ಜಾಗದಲ್ಲಿ ಹುಣ್ಣು, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರ ಮಾತೇ ಕೊನೆ.

ತುಮಕೂರಿನ ಅಮ್ಮ

ಎಕ್ಸ್‌ರೇ ಮಾಡಿಸಿ ಎರಡು ವರ್ಷವೇ ಆಗಿದೆ. ನನಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಸೋಮವಾರವೇ ಹೋಗುತ್ತೇನೆ. ತುಂಬಾ ಥ್ಯಾಂಕ್ಸ್.

ಲೀಡ್ಸ್ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿದ್ದೇನೆ, ಮೂಲ ಶಿರಸಿ. ಇಲ್ಲಿ ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್ ಅಂತ ಇದೆ, ಎಲ್ಲರೂ ಆರ್‌ಡಿಎ ಅನ್ನುತ್ತಾರೆ. 1969ರಲ್ಲಿ ಶುರುವಾಗಿದ್ದು. ದೇಶದ ತುಂಬ ನೂರಾರು ಸಣ್ಣ ಗುಂಪುಗಳಿವೆ, ಬಹುಪಾಲು ಸ್ವಯಂಸೇವಕರೇ ನಡೆಸುತ್ತಾರೆ. ರಾಜಕುಮಾರಿ ಆ್ಯನ್ 1985ರಿಂದ ಅದರ ಅಧ್ಯಕ್ಷೆ. ನಾನು ಮೂರು ವರ್ಷದಿಂದ ಪ್ರತಿ ಗುರುವಾರ ಸೈಡ್ ವಾಕರ್ ಆಗಿ ಹೋಗುತ್ತೇನೆ. ಕುದುರೆ ಓಡಿಸಲು ನನಗೆ ಇವತ್ತಿಗೂ ಬರುವುದಿಲ್ಲ. ನನ್ನ ಕೆಲಸ ಪಕ್ಕದಲ್ಲಿ ನಡೆಯುವುದು.

ಅಕ್ಕ, ನಿಮ್ಮ ಅತ್ತೆಯವರ ಪ್ರಶ್ನೆಗೆ ಉತ್ತರ ಆ ಪಕ್ಕದಲ್ಲಿ ನಡೆಯುವವರಲ್ಲಿದೆ. ನಿಮ್ಮ ಮಗನಂಥ ಮಗುವಿಗೆ ಮೂರು ಜನ ಬೇಕು. ಕುದುರೆಯ ಹಗ್ಗ ಹಿಡಿದವರೊಬ್ಬರು, ಎಡಬಲ ಒಬ್ಬೊಬ್ಬರು. ನಾನು ಹೇಗೆ ಹಿಡಿಯುತ್ತೇನೆ ಅಂದರೆ, ಮೊಣಕೈಯಿಂದ ಮುಂಗೈವರೆಗಿನ ಭಾಗವನ್ನು ಮಗುವಿನ ತೊಡೆ ಮೇಲೆ ಅಡ್ಡ ಇಟ್ಟು, ಬೆರಳಿನಿಂದ ಜೀನಿನ ಅಂಚು ಹಿಡಿಯುತ್ತೇನೆ. ಇನ್ನೊಂದು ಕೈ ಪಾದದ ಹತ್ತಿರ. ಕೈ ಭಾರ ಬಿಡಬಾರದು. ಭಾರ ಬಿಟ್ಟರೆ ಮಗು ನನ್ನ ಕಡೆಗೇ ವಾಲಲು ಶುರು ಮಾಡುತ್ತದೆ. ಕೈ ನೋಯುತ್ತದೆ. ನೋವಾದರೆ ಕುದುರೆ ನಿಲ್ಲಿಸಿ ಇಬ್ಬರೂ ಜಾಗ ಬದಲಿಸುತ್ತೇವೆ, ಒಬ್ಬರಾದ ಮೇಲೆ ಒಬ್ಬರು. ಇಬ್ಬರೂ ಒಟ್ಟಿಗೆ ಕೈ ಬಿಡುವ ಹಾಗಿಲ್ಲ.

ಮೊದಲ ದಿನ ನನಗೆ ಕಲಿಸಿದ್ದು ಒಂದೇ ಪಾಠ. ಏನೇ ಆಗಲಿ, ಹಗ್ಗ ಹಿಡಿದವರ ಗಮನ ಕುದುರೆ ಮೇಲೆ, ಪಕ್ಕದವರ ಗಮನ ಮಗುವಿನ ಮೇಲೆ. ಕುದುರೆ ಬೆದರಿದರೆ ನಾನು ಕುದುರೆಯ ಕಡೆ ನೋಡಲೇಬಾರದು. ಇದನ್ನು ಮರದ ಕುದುರೆ ಮೇಲೆ, ಆಮೇಲೆ ಒಬ್ಬ ದೊಡ್ಡವರನ್ನು ಕೂರಿಸಿ ಅಭ್ಯಾಸ ಮಾಡಿಸಿದರು. ಮಗುವಿನ ಹತ್ತಿರ ಬಿಟ್ಟಿದ್ದು ಆಮೇಲೆಯೇ.

ನೀವು ನೋಡಲು ಹೋದಾಗ ಮಗನನ್ನು ಕರೆದುಕೊಂಡು ಹೋಗಬೇಡಿ. ಸುಮ್ನೆ ಒಂದು ಗಂಟೆ ಬೇಲಿ ಪಕ್ಕ ನಿಂತು ಬೇರೆ ಮಕ್ಕಳ ಕ್ಲಾಸು ನೋಡಿ. ಹತ್ತುವುದಕ್ಕೆ ರ‍್ಯಾಂಪ್ ಇದೆಯಾ? ಇಲ್ಲದಿದ್ದರೆ ಬಿಗಿ ಕಾಲಿನ ಮಗುವನ್ನು ನೆಲದಿಂದ ಎತ್ತಿ ಹಾಕುತ್ತಾರೆ, ತೊಡೆ ಗಕ್ಕಂತ ಅಗಲುತ್ತದೆ. ಹೆಲ್ಮೆಟ್ ಸವಾರಿಯದ್ದಾ, ಸ್ಕೂಟರಿನದ್ದಾ? ಸ್ಕೂಟರ್ ಹೆಲ್ಮೆಟ್ ಕುತ್ತಿಗೆ ಬಲ ಇಲ್ಲದ ಮಗುವಿಗೆ ತುಂಬ ಭಾರ. ರಿಕಾಪು (ಪಾದ ಇಡಲು ಜೀನಿನಿಂದ ಇಳಿಬಿಟ್ಟ ಬಳೆ) ಬಳಸಿದರೆ ಬಿದ್ದಾಗ ಪಾದ ಸಿಕ್ಕಿಹಾಕಿಕೊಳ್ಳದೆ ಬಿಟ್ಟುಕೊಳ್ಳುವಂಥದ್ದಾ? ಮಗುವನ್ನು ಪಟ್ಟಿಯಿಂದ ಜೀನಿಗೆ ಕಟ್ಟಿದ್ದು ಕಂಡರೆ ಅಲ್ಲಿಂದ ವಾಪಸ್ ಬನ್ನಿ. ಕುದುರೆ ಬಿದ್ದರೆ ಕಟ್ಟಿದ ಮಗು ಅದರ ಅಡಿಗೆ ಹೋಗುತ್ತದೆ.

ಆಟಿಸಂ ಅಪ್ಪ

ನನ್ನ ಮಗನನ್ನು ಕರೆದುಕೊಂಡು ಹೋದ ಮೊದಲ ಜಾಗದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಈ ಪಟ್ಟಿ ನನಗೆ ಆಗ ಸಿಕ್ಕಿದ್ದರೆ...

ಲಾಯದವ

ನಾನು ಕುಣಿಗಲ್ ಕಡೆಯವನು. ಚಿಕ್ಕಂದಿನಿಂದ ಕುದುರೆ ಜೊತೆಗೇ ಬೆಳೆದವನು. ನಮ್ಮೂರ ಸ್ಟಡ್ ಫಾರ್ಮು, ಅಂದರೆ ಕುದುರೆ ತಳಿ ಬೆಳೆಸುವ ಜಾಗ, ಟಿಪ್ಪು ಕಾಲದ್ದು, ನಿಮಗೆಲ್ಲ ಗೊತ್ತಿರುತ್ತದೆ. ಇಪ್ಪತ್ತೆರಡು ವರ್ಷ ರೇಸ್ ಕುದುರೆಗಳ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವ, ಆಗಿದ್ದೆ. ಈಗ ಐದು ವರ್ಷದಿಂದ ಇಂಥ ಮಕ್ಕಳಿಗೆ ಕುದುರೆ ತಯಾರು ಮಾಡುತ್ತೇನೆ. ಎಲ್ಲರೂ ಮಗುವಿನ ಬಗ್ಗೆ ಬರೆದಿದ್ದೀರಿ. ಕುದುರೆ ಬಗ್ಗೆ ನಾನು ಬರೆಯುತ್ತೇನೆ.

ರೇಸಿನಿಂದ ಬಿಟ್ಟ ಕುದುರೆ ಸಿಗುತ್ತದೆ, ಅದನ್ನೇ ಮಕ್ಕಳಿಗೆ ಹಾಕೋಣ ಅಂತ ತುಂಬ ಜನ ಕೇಳುತ್ತಾರೆ. ಥರೋಬ್ರೆಡ್ ಅನ್ನುವ ರೇಸ್ ತಳಿಯ ಕುದುರೆಗೆ ಎರಡು ವರ್ಷಕ್ಕೇ ಓಟ ಕಲಿಸಿರುತ್ತೇವೆ. ಸವಾರ ಮುಂದಕ್ಕೆ ಬಾಗಿದರೆ, ಕಾಲು ಒತ್ತಿದರೆ ಓಡಬೇಕು ಅಂತ ಅದಕ್ಕೆ ಕಲಿಸಿದವರು ನಾವೇ. ಸಿಪಿ ಮಗು ಬಿಗಿ ಕಾಲಿನಿಂದ ಅದರ ಹೊಟ್ಟೆ ಅಮುಕುತ್ತದೆ, ಭಯಕ್ಕೆ ಮುಂದಕ್ಕೆ ಬಾಗುತ್ತದೆ. ಕುದುರೆ ಏನು ಅಂದುಕೊಳ್ಳಬೇಕು? ಅದರ ತಪ್ಪಲ್ಲ. ಆ ಕಲಿಕೆ ಮರೆಸಲು ವರ್ಷಗಟ್ಟಲೆ ಬೇಕು. ಕೆಲವು ಮರೆಯುತ್ತವೆ, ಸುಮಾರು ಕುದುರೆಗಳು ಮರೆಯುವುದಿಲ್ಲ. ನನ್ನ ಹತ್ತಿರ ಈಗ ಇರುವ ನಾಲ್ಕರಲ್ಲಿ ರೇಸಿನದ್ದು ಒಂದೇ. ಉಳಿದವು ನಾಟಿ ತಟ್ಟುಗಳು. ಎತ್ತರ ಕಮ್ಮಿ, ಬೆನ್ನು ಕಿರಿದು. ಮಗುವಿನ ಸೊಂಟ ಹಿಡಿದು ನಡೆಯುವವರಿಗೂ ಅದೇ ಅನುಕೂಲ.

ನಾನು ಪರೀಕ್ಷೆ ಮಾಡುವ ರೀತಿ ಹೇಳುತ್ತೇನೆ. ಕುದುರೆ ಪಕ್ಕ ಕೊಡೆ ಬಿಚ್ಚುತ್ತೇನೆ. ಪ್ಲಾಸ್ಟಿಕ್ ಕವರ್ ಕಾಲಡಿಗೆ ಬಿಡುತ್ತೇನೆ. ಊರುಗೋಲು ಕಲ್ಲಿನ ಮೇಲೆ ಎಸೆಯುತ್ತೇನೆ, ಅದರ ಸದ್ದು ಕುದುರೆಗೆ ಹೊಸದು. ವೀಲ್‌ಚೇರ್ ಮುಂದಿನಿಂದ, ಪಕ್ಕದಿಂದ ತಳ್ಳಿಕೊಂಡು ಬರುತ್ತೇನೆ. ನನ್ನ ಮೊಮ್ಮಗಳಿಗೆ ಹೇಳಿ ಕಿರುಚಿಸುತ್ತೇನೆ. ಬೆನ್ನ ಮೇಲೆ ಮೂಟೆ ಹಾಕಿ ಒಂದೇ ಕಡೆಗೆ ವಾಲಿಸುತ್ತೇನೆ. ಬೆದರಿದರೆ ತಪ್ಪಲ್ಲ, ಬೆದರಿದ ಮೇಲೆ ಎಲ್ಲಿ ನಿಲ್ಲುತ್ತದೆ ಅನ್ನುವುದು ನೋಡಬೇಕು. ನಿಂತಲ್ಲೇ ನಡುಗಿ ನನ್ನ ಕಡೆ ಕಿವಿ ತಿರುಗಿಸಿದರೆ ಅದು ಬೇಕು. ಆರು ತಿಂಗಳು ಇದನ್ನೇ ಮಾಡುತ್ತೇನೆ, ಆಮೇಲೆ ಮಗು.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ಒಂದೇ ಕಡೆ ವಾಲುವ ಮಕ್ಕಳನ್ನು ದಿನವೆಲ್ಲ ಹೊತ್ತರೆ ಕುದುರೆಗೂ ಬೆನ್ನು ನೋವು ಬರುತ್ತದೆ. ಬಾಲ ಬೀಸುವುದು ಜಾಸ್ತಿಯಾದರೆ, ಜೀನು ಕಟ್ಟುವಾಗ ಕಿವಿ ಹಿಂದಕ್ಕೆ ಹಾಕಿ ಕಚ್ಚಲು ಬಂದರೆ ಅದು ಸೊಕ್ಕಲ್ಲ, ನೋವು. ನೀವು ಹೋದ ಜಾಗದಲ್ಲಿ ಕುದುರೆಗೆ ವಾರದಲ್ಲಿ ಎಷ್ಟು ದಿನ ರಜೆ ಅಂತ ಕೇಳಿ. ಥಟ್ಟನೆ ಉತ್ತರ ಬಂದರೆ ಅವರು ಲೆಕ್ಕ ಇಟ್ಟಿದ್ದಾರೆ ಅಂತ.

ಲಾಯಕ್ಕೆ ಹೋಗುವ ಮುಂಚೆ ಮಗುವಿನ ಧನುರ್ವಾಯು ಲಸಿಕೆ ನೋಡಿಕೊಳ್ಳಿ. ಐದು ವರ್ಷದ ಡಿಪಿಟಿ ಬೂಸ್ಟರ್ ಆಗಿರಬೇಕು. ಲದ್ದಿ ಇರುವ ಜಾಗ. ನಿಮಗೂ ಒಂದು ಇಂಜೆಕ್ಷನ್ ಇರಲಿ.

ಪೋಲಿಯೋ ಬ್ಯಾಚ್

ನನಗೆ 52. ಎರಡು ವರ್ಷದವನಿದ್ದಾಗ ಪೋಲಿಯೋ ಬಂದು ಎಡಗಾಲಿನ ಬಲ ಹೋಯಿತು. ನಮ್ಮ ಕಾಲದಲ್ಲಿ ಒಂದೊಂದು ಬೀದಿಗೆ ಒಬ್ಬರಾದರೂ ಇದ್ದೆವು, ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದೇನೆ.

ಈ ಚರ್ಚೆಯಲ್ಲಿ ಎಲ್ಲರೂ ಮಕ್ಕಳ ಬಗ್ಗೆ, ಚಿಕಿತ್ಸೆ ಬಗ್ಗೆ ಬರೆದಿದ್ದೀರಿ. ಬೇಕು. ಆದರೆ ನಮ್ಮಂಥವರು ಏನು ಮಾಡಿದರೂ ಅದು ಥೆರಪಿಯೇ ಆಗಿರಬೇಕಾ? ಈಜಿದರೆ ಥೆರಪಿ, ಬಣ್ಣ ಹಚ್ಚಿದರೆ ಥೆರಪಿ, ಕುದುರೆ ಹತ್ತಿದರೂ ಥೆರಪಿ. ನನ್ನ ಅಣ್ಣ ಕ್ರಿಕೆಟ್ ಆಡಿದಾಗ ಅದನ್ನು ಯಾರೂ ಥೆರಪಿ ಅನ್ನಲಿಲ್ಲ. ನಾನು 44ನೇ ವಯಸ್ಸಿಗೆ ಸವಾರಿ ಕಲಿತೆ, ಆಸೆಗೆ. ಬೇರೆ ಕಾರಣ ಇಲ್ಲ.

ನಿಮಗೊಬ್ಬರ ವಿಷಯ ಹೇಳಬೇಕು. ಲಿಸ್ ಹಾರ್ಟೆಲ್, ಡೆನ್ಮಾರ್ಕಿನವರು. 1944ರಲ್ಲಿ, 23ನೇ ವಯಸ್ಸಿಗೆ, ಹೊಟ್ಟೆಯಲ್ಲಿ ಮಗು ಇರುವಾಗ ಪೋಲಿಯೋ ಬಂತು. ಮೊಣಕಾಲಿನ ಕೆಳಗೆ ಸ್ವಾಧೀನ ಹೋಯಿತು. ಮೊದಲೇ ಒಳ್ಳೆಯ ಸವಾರಿಣಿ. ಮತ್ತೆ ಕುದುರೆ ಹತ್ತಿದರು, ಬೇರೆಯವರು ಎತ್ತಿ ಕೂರಿಸಬೇಕಿತ್ತು, ಇಳಿಸಬೇಕಿತ್ತು. ಕಾಲಿನಿಂದ ಹೇಳಬೇಕಾದ್ದನ್ನು ಬೆನ್ನಿನಿಂದ, ಕೂರುವ ಭಾರದಿಂದ ಕುದುರೆಗೆ ಹೇಳಲು ಕಲಿತರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಡ್ರೆಸಾಜ್, ಅಂದರೆ ಕುದುರೆಯನ್ನು ಹೇಳಿದ ಹಾಗೆ ಅಚ್ಚುಕಟ್ಟಾಗಿ ನಡೆಸಿ ತೋರಿಸುವ ಸ್ಪರ್ಧೆಗೆ ಮೊದಲ ಸಲ ಹೆಂಗಸರಿಗೂ ಅವಕಾಶ ಸಿಕ್ಕಿತು. ಅವರು ಜುಬಿಲಿ ಅನ್ನುವ ಕುದುರೆ ಮೇಲೆ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್ ಅವರೇ ಹಾರ್ಟೆಲ್ ಅವರನ್ನು ಪೋಡಿಯಂ ಹತ್ತಿಸಿದರು. 1956ರಲ್ಲಿ ಮತ್ತೆ ಬೆಳ್ಳಿ. ಇವತ್ತು ಜಗತ್ತಿನಲ್ಲಿ ನಡೆಯುವ ಈ ಥೆರಪಿ ರೈಡಿಂಗಿಗೆಲ್ಲ ಯುರೋಪಿನಲ್ಲಿ ದೊಡ್ಡ ತಳ್ಳು ಸಿಕ್ಕಿದ್ದು ಅವರನ್ನು ನೋಡಿದ ಮೇಲೆ. ಅವರು ಹೋಗಿದ್ದು ಮಾತ್ರ ಥೆರಪಿಗಲ್ಲ, ಗೆಲ್ಲಲು.

ನನ್ನದು ಅಷ್ಟು ದೊಡ್ಡ ಕಥೆ ಅಲ್ಲ. ತೊಡೆಯಲ್ಲಿ ಬಲ ಇಲ್ಲದ ಪೋಲಿಯೋ ಕಾಲಿನವರು ಹೇಗೆ ನಡೆಯುತ್ತಾರೆ ಅಂತ ನೋಡಿದ್ದೀರಲ್ವಾ? ಪ್ರತಿ ಹೆಜ್ಜೆಗೂ ಕೈಯಿಂದ ತೊಡೆ ಒತ್ತಿಕೊಳ್ಳಬೇಕು. ಐವತ್ತು ವರ್ಷದಿಂದ ನನ್ನ ಎಡಗೈ ಅಲ್ಲೇ. ಎಡಗೈಯಲ್ಲಿ ಚೀಲ ಹಿಡಿದು ನಾನು ನಡೆದವನಲ್ಲ. ಮಳೆಯಲ್ಲಿ ಒಂದು ಕೈಗೆ ಕೊಡೆ ಬಂದರೆ ಇನ್ನೊಂದು ಕೈಗೆ ಮಗಳ ಬೆರಳು ಸಿಗುತ್ತಿರಲಿಲ್ಲ. ಮೊದಲ ಸಲ ಕುದುರೆ ಹೊರಟಾಗ ಕೈ ತಾನಾಗಿ ತೊಡೆಗೆ ಹೋಯಿತು, ಅಭ್ಯಾಸ. ನಾಲ್ಕು ಹೆಜ್ಜೆ ಆದ ಮೇಲೆ ಗೊತ್ತಾಯಿತು, ಅಲ್ಲಿ ಆ ಕೈಗೆ ಕೆಲಸ ಇಲ್ಲ. ಮುಂದೆ ಹೋಗುತ್ತಿದ್ದೇನೆ, ಎರಡೂ ಕೈ ಖಾಲಿ. ಎರಡೂ ಕೈಯಲ್ಲಿ ಲಗಾಮು ತೆಗೆದುಕೊಂಡೆ. ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಲು ಹೋಗಿ ಗಂಟಲು ಕಟ್ಟಿತು.

ಒಂದು ಕೆಲಸದ ವಿಷಯ. ಕುದುರೆಗಳಿಗೆ ಎಡಗಡೆಯಿಂದ ಹತ್ತಿಸಿಕೊಳ್ಳುವ ರೂಢಿ. ಎಡಗಾಲಿನಲ್ಲಿ ಬಲ ಇಲ್ಲದ ನಾನು ಬಲಗಡೆಯಿಂದ ಹತ್ತಬೇಕು. ನನ್ನ ಕುದುರೆಗೆ ಅದನ್ನು ಕಲಿಸಲು ಮೂರು ವಾರ ಹಿಡಿಯಿತು. ಅಷ್ಟು ದಿನ ನಾನು ಬಲಗಡೆ ನಿಂತು ಅದರ ಮೈ ತಿಕ್ಕಿದ್ದೇ ಕೆಲಸ. ದೊಡ್ಡವರು ಯಾರಾದರೂ ಶುರು ಮಾಡುವುದಾದರೆ ನೆನಪಿಡಿ, ಜೀನು ಸೇರಿ ನಿಮ್ಮ ತೂಕ ಕುದುರೆ ತೂಕದ ಐದರಲ್ಲಿ ಒಂದು ಭಾಗ ಮೀರಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಬ್ಯಾಲೆನ್ಸ್ ಕಮ್ಮಿ ಇರುವವರಿಗೆ ಇನ್ನೂ ಕಮ್ಮಿ.

ಫಿಸಿಯೋ ಹುಬ್ಬಳ್ಳಿ

ಸರ್, ನಿಮ್ಮ ಮಾತು ಒಪ್ಪಿದೆ. ನಾವು ಥೆರಪಿಸ್ಟುಗಳು ಮಗುವಿನ ಪ್ರತಿ ಗಂಟೆಯನ್ನೂ ಗುರಿ, ಅಳತೆ ಅಂತ ಬರೆದಿಡುತ್ತೇವೆ. ಆಟ ಆಟವಾಗಿ ಉಳಿಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಚಿಕಿತ್ಸೆಯ ಜೊತೆಗೆ ಆಟೋಟಕ್ಕೂ ಪ್ರತ್ಯೇಕ ಸೆಕ್ಷನ್ನೇ ಇದೆ. ಪ್ಯಾರಾಲಿಂಪಿಕ್ಸಿನಲ್ಲಿ 1996ರಿಂದ ಡ್ರೆಸಾಜ್ ಇದೆ, ಈಗ ತೊಂದರೆಯ ಮಟ್ಟಕ್ಕೆ ತಕ್ಕ ಹಾಗೆ ಐದು ಗ್ರೇಡುಗಳು. ಅತಿ ಹೆಚ್ಚು ತೊಂದರೆ ಇರುವವರ ಮೊದಲನೇ ಗ್ರೇಡಿನಲ್ಲಿ ಕುದುರೆ ಬರೀ ನಡೆದರೆ ಸಾಕು. ನಡಿಗೆಗೇ ಪದಕ.

ಆಟಿಸಂ ಅಪ್ಪ

ಈಗ ಒಳ್ಳೆಯ ಅನುಭವ.

ಒಂದೂವರೆ ವರ್ಷ ಆದ ಮೇಲೆ, ಬೇರೆ ಜಾಗಕ್ಕೆ ಹೋದೆವು. ಅಲ್ಲಿಯ ಮೇಡಂ ಮೊದಲ ದಿನ ಹೇಳಿದ್ದು, "ಇವತ್ತು ಹತ್ತುವುದಿಲ್ಲ." ಎರಡನೇ ವಾರವೂ ಹತ್ತಿಸಲಿಲ್ಲ. ಮೂರನೇ ವಾರ ಕೈಗೆ ಬ್ರಷ್ ಕೊಟ್ಟರು. ನನ್ನ ಮಗನಿಗೆ ಮುಟ್ಟುವುದು, ಮುಟ್ಟಿಸಿಕೊಳ್ಳುವುದು ಎರಡೂ ಆಗದು. ತಲೆ ಬಾಚಲು ಹೋದರೆ ಮನೆಯಲ್ಲಿ ಯುದ್ಧ. ಅವನು ಕುದುರೆಯ ಭುಜದ ಮೇಲೆ ಬ್ರಷ್ ಇಟ್ಟ. ಎಳೆದ. ಧೂಳು ಎದ್ದಿತು. ಕುದುರೆ ಚರ್ಮವನ್ನು ಅದುರಿಸಿತು, ನೊಣ ಓಡಿಸುವಾಗ ಮಾಡುತ್ತದಲ್ಲ ಹಾಗೆ. ಅವನು ಬ್ರಷ್ ತೆಗೆದ, ಅದುರು ನಿಂತಿತು. ಮತ್ತೆ ಇಟ್ಟ, ಮತ್ತೆ ಅದುರಿತು. ಇದನ್ನು ಎಷ್ಟು ಸಲ ಮಾಡಿದನೋ ಲೆಕ್ಕ ಇಲ್ಲ. ಆಮೇಲೆ ಮೇಡಂ ಮುಖ ನೋಡಿದ. ನೋಡಿದಿರಾ ಅಂತ ಕೇಳುವ ಹಾಗೆ. ತನಗೆ ಕಂಡದ್ದು ಇನ್ನೊಬ್ಬರಿಗೂ ಕಂಡಿತಾ ಅಂತ ಅವನು ಯಾರ ಮುಖವನ್ನೂ ಹಾಗೆ ನೋಡಿದವನೇ ಅಲ್ಲ. ಎಂಟೂವರೆ ವರ್ಷ ಕಾದಿದ್ದೆ ನಾನು.

ಈಗ ಹತ್ತುತ್ತಾನೆ. "ಹೋಗು" ಅಂದರೆ ಕುದುರೆ ಹೋಗುತ್ತದೆ, "ನಿಲ್ಲು" ಅಂದರೆ ನಿಲ್ಲುತ್ತದೆ. ಅವನ ಮಾತು ಕೇಳಿ ಯಾರೋ ಏನೋ ಮಾಡುತ್ತಾರೆ. ಇದರ ಬಗ್ಗೆ ಅಧ್ಯಯನ ಏನಾದರೂ ಇದೆಯಾ? ನನ್ನ ಆಫೀಸಿನಲ್ಲಿ ಎಲ್ಲರೂ "ಅದೆಲ್ಲ ನಿನ್ನ ಭ್ರಮೆ" ಅನ್ನುತ್ತಾರೆ.

ಫಿಸಿಯೋ ಹುಬ್ಬಳ್ಳಿ

ಇದೆ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. 6ರಿಂದ 16 ವರ್ಷದ, ಆಟಿಸಂ ಇರುವ ನೂರಕ್ಕೂ ಹೆಚ್ಚು ಮಕ್ಕಳು, 10 ವಾರ. ಅರ್ಧ ಮಕ್ಕಳಿಗೆ ಸವಾರಿ. ಉಳಿದ ಅರ್ಧ ಮಕ್ಕಳು ಅಂಥದೇ ಲಾಯಕ್ಕೆ ಹೋದರು, ಕುದುರೆ ಬಗ್ಗೆ ಕಲಿತರು, ಆದರೆ ಜೀವಂತ ಕುದುರೆ ಮುಟ್ಟಲಿಲ್ಲ. ಸವಾರಿ ಮಾಡಿದ ಗುಂಪಿನಲ್ಲಿ ಸಿಡುಕು, ಚಡಪಡಿಕೆ ಕಮ್ಮಿಯಾಯಿತು, ಬಳಸುವ ಮಾತುಗಳು ಹೆಚ್ಚಾದವು. ಆಟಿಸಂ ಹೋಯಿತು ಅಂತ ಅದರಲ್ಲಿ ಎಲ್ಲೂ ಇಲ್ಲ. ಹಾಗೆ ಯಾರಾದರೂ ಹೇಳಿ ಫೀಸು ಕೇಳಿದರೆ ಕೊಡಬೇಡಿ.

ಸಿಪಿಗೆ 2003ರ ಒಂದು ಸಣ್ಣ ಅಧ್ಯಯನ ನನಗಿಷ್ಟ. 15 ಮಕ್ಕಳು. ಕೆಲವರನ್ನು 8 ನಿಮಿಷ ಕುದುರೆ ಮೇಲೆ ಕೂರಿಸಿದರು, ಕೆಲವರನ್ನು 8 ನಿಮಿಷ ಪೀಪಾಯಿ ಮೇಲೆ, ಅದೇ ರೀತಿ ಕಾಲು ಅಗಲಿಸಿ. ಕುದುರೆ ಮೇಲೆ ಕೂತವರ ಎಡಬಲದ ಸ್ನಾಯುಗಳು ಹೆಚ್ಚು ಸಮವಾಗಿ ಕೆಲಸ ಮಾಡಿದವು. ಪೀಪಾಯಿಯಲ್ಲಿ ಅಷ್ಟು ಆಗಲಿಲ್ಲ. ಅಂದರೆ ಅಗಲಿಸಿ ಕೂರುವುದಷ್ಟೇ ಸಾಲದು, ಆ ನಡಿಗೆ ಬೇಕು. ಆದರೆ ಇದೆಲ್ಲ ಆ ಹೊತ್ತಿನ ಪರಿಣಾಮ. ತಿಂಗಳಾನುಗಟ್ಟಲೆ ಎಷ್ಟು ಉಳಿಯುತ್ತದೆ ಅನ್ನುವುದರ ಬಗ್ಗೆ ಇನ್ನೂ ವಾದ ಇದೆ. ಹಾಗಾಗಿ ಕುದುರೆ ಸಿಕ್ಕಿತು ಅಂತ ಮನೆಯ ಸ್ಟ್ರೆಚಿಂಗ್, ಸ್ಪ್ಲಿಂಟ್ (ಪಾದವನ್ನು ಸರಿಯಾಗಿ ಹಿಡಿದಿಡುವ ಗಟ್ಟಿ ಪಟ್ಟಿ) ಬಿಡಬೇಡಿ. ಸಡಿಲವಾದ ಆ ಒಂದೆರಡು ಗಂಟೆಯನ್ನು ನಿಲ್ಲಿಸುವುದಕ್ಕೆ, ನಡೆಸುವುದಕ್ಕೆ ಬಳಸಿಕೊಳ್ಳಿ.

ತುಮಕೂರಿನ ಅಮ್ಮ

ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಎಕ್ಸ್‌ರೇಯಲ್ಲಿ ಎಡಗಡೆ ಕೀಲು ಸ್ವಲ್ಪ ಹೊರಗೆ ಜಾರಿದೆ ಅಂತ ಬಂತು. ಫಿಸಿಯೋ ಮೇಡಂ, ನೀವು ಕೇಳದೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಕುದುರೆ ವಿಷಯ ಬಿಡಿ, ಅದೊಂದಕ್ಕೇ ನಿಮಗೆ ಋಣಿ. ಇನ್ನು ಆರು ತಿಂಗಳಿಗೊಮ್ಮೆ ಎಕ್ಸ್‌ರೇ. ಡಾಕ್ಟರು ಕಿರಿದಾದ ಬೆನ್ನಿನ ತಟ್ಟು ಆದರೆ ಕೂರಬಹುದು, 20 ನಿಮಿಷ ಮೀರಬಾರದು, ನೋವು ಅಂದರೆ ಆ ಕ್ಷಣವೇ ಇಳಿಸಿ ಅಂತ ಬರೆದುಕೊಟ್ಟರು.

ಮೂರು ಜಾಗ ನೋಡಿದೆ. ಒಂದರಲ್ಲಿ ಬೇಲಿ ಪಕ್ಕ ನಿಲ್ಲಲು ಬಿಡಲಿಲ್ಲ. ಇನ್ನೊಂದರಲ್ಲಿ ರ‍್ಯಾಂಪ್ ಇರಲಿಲ್ಲ. ಮೂರನೆಯದರಲ್ಲಿ ಕುದುರೆಗೆ ಎಷ್ಟು ರಜೆ ಅಂತ ಕೇಳಿದ ಕೂಡಲೇ ಅಲ್ಲಿನವರು ಗೋಡೆ ಮೇಲೆ ಬರೆದಿದ್ದ ಪಟ್ಟಿ ತೋರಿಸಿದರು. ಅಲ್ಲೇ ಸೇರಿಸಿದೆ. ತುಮಕೂರಿನಿಂದ ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ. ಬಿಸಿಲು ಏರುವ ಮುಂಚೆ ಮುಗಿಸುತ್ತಾರೆ, ಕುದುರೆಗೂ ಮಕ್ಕಳಿಗೂ ಅದೇ ಒಳ್ಳೆಯದಂತೆ.

ಮೊದಲ ದಿನ ಅವನ ಮುಖ ಬಿಳಿಚಿಕೊಂಡಿತ್ತು. ಕುದುರೆಗೆ ಸುತ್ತಿದ ಪಟ್ಟಿಯ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ, ಕಾಲು ಕಟ್ಟಿಗೆ. ಅರ್ಧ ರೌಂಡು ನನ್ನನ್ನೇ ನೋಡುತ್ತಿದ್ದ. ಆಮೇಲೆ ಕುದುರೆ ಮೂಗಿನಿಂದ ಬುಸ್ ಅಂತ ಸದ್ದು ಮಾಡಿತು. ಅವನಿಗೆ ನಗು ಬಂತು. ನಗುವಾಗ ಹೊಟ್ಟೆ ಸಡಿಲವಾಯಿತು, ಹೊಟ್ಟೆ ಸಡಿಲವಾದಾಗ ಕಾಲು ಕೆಳಗೆ ಬಂತು. ಇದು ನನ್ನ ಕಣ್ಣಾರೆ ಕಂಡದ್ದು. ಇಳಿಸಿದ ಮೇಲೆ ಸ್ಪ್ಲಿಂಟ್ ಹಾಕಲು ಕೂತೆ. ದಿನಾ ಬೆಳಿಗ್ಗೆ ಅದೊಂದು ಜಗಳ, ಪಾದ ಕೆಳಮುಖವಾಗಿ ಬಿಗಿದುಕೊಂಡು ಹಿಮ್ಮಡಿ ಒಳಗೆ ಹೋಗುವುದೇ ಇಲ್ಲ. ಅವತ್ತು ಹಿಮ್ಮಡಿ ಸುಮ್ನೆ ಹೋಗಿ ಕೂತಿತು. ನಾನು ಪಟ್ಟಿ ಹಾಕುವುದು ಬಿಟ್ಟು ಆ ಪಾದ ಹಿಡಿದುಕೊಂಡೇ ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಬಿಗಿತ ವಾಪಸ್ ಬಂತು. ಫಿಸಿಯೋ ಮೇಡಂ ಹೇಳಿದ್ದು ನಿಜ. ಆದರೆ ಮಂಗಳವಾರ ಫಿಸಿಯೋ ಮ್ಯಾಟ್ ಮೇಲೆ ಅವನೇ ಹೇಳಿದ: "ಎಳೆಯಿರಿ, ಶನಿವಾರ ನಾನು ಕುದುರೆ ಮೇಲೆ ಕಾಲು ಹಾಕಬೇಕು." ಅಳಲಿಲ್ಲ ಅಂತ ಹೇಳಲಾರೆ, ಅತ್ತ. ಆದರೆ ಬೇಡ ಅನ್ನಲಿಲ್ಲ.

ಅತ್ತೆ ಹೋದ ಶನಿವಾರ ಜೊತೆಗೆ ಬಂದಿದ್ದರು. ರ‍್ಯಾಂಪಿನ ಹತ್ತಿರ ಕಣ್ಣು ಮುಚ್ಚಿ ನಿಂತಿದ್ದರು. ವಾಪಸ್ ಬರುವಾಗ ಕುದುರೆಗೆ ಏನು ತಿನ್ನಿಸಬಹುದು ಅಂತ ಕೇಳಿದರು.

ಹೊಸ ಸದಸ್ಯೆ

ನಾನು ಇವತ್ತೇ ಸೇರಿದ್ದು, ಎಲ್ಲ ಓದಿದೆ. ನನ್ನ ಮಗಳಿಗೆ ಎಂಟು ವರ್ಷ. ಬುದ್ಧಿ ಬೆಳವಣಿಗೆ ನಿಧಾನ, ಫಿಟ್ಸ್ ಇದೆ. ಔಷಧಿ ಬದಲಿಸುತ್ತಲೇ ಇದ್ದಾರೆ, ಇನ್ನೂ ತಿಂಗಳಿಗೆ ಮೂರು ನಾಲ್ಕು ಸಲ ಬರುತ್ತದೆ. ಪ್ರಾಣಿ ಅಂದರೆ ಪ್ರಾಣ. ನಾವೂ ತುಮಕೂರು ರಸ್ತೆಯಲ್ಲೇ ಇರುವುದು. ಅವಳನ್ನು ಕೂರಿಸಬಹುದಾ?

ಫಿಸಿಯೋ ಹುಬ್ಬಳ್ಳಿ

ಈಗ ಬೇಡ. ಬೇಸರವಾಗುತ್ತದೆ ಅಂತ ಗೊತ್ತು. ಕುದುರೆ ಮೇಲಿರುವಾಗ ಫಿಟ್ಸ್ ಬಂದರೆ ಪಕ್ಕದವರು ಎಷ್ಟೇ ಚುರುಕಾಗಿದ್ದರೂ ಹಿಡಿಯುವುದು ಕಷ್ಟ. ಹತೋಟಿಗೆ ಬಂದ ಮೇಲೆ, ನರರೋಗ ಡಾಕ್ಟರು ಬರೆದುಕೊಟ್ಟರೆ ನೋಡೋಣ. ಆದರೆ ನೆಲದ ಮೇಲೆ ನಿಂತು ಮಾಡುವ ಕೆಲಸಕ್ಕೆ ಅಡ್ಡಿ ಇಲ್ಲ. ಮೈ ಉಜ್ಜುವುದು, ಬಾಚುವುದು, ಮೇವು ಹಾಕುವುದು. ಯಾವಾಗಲೂ ಒಬ್ಬರು ದೊಡ್ಡವರು ಅವಳ ಮೈಗೆ ತಾಗಿಕೊಂಡೇ ನಿಂತಿರಬೇಕು.

ಲಾಯದವ

ಹಿಂದಿನಿಂದ ಹೋಗಬೇಡಿ, ಮೂತಿಯ ನೇರಕ್ಕೂ ಬೇಡ. ಎರಡೂ ಕಡೆ ಕುದುರೆಗೆ ಕಣ್ಣು ಕಾಣುವುದಿಲ್ಲ. ಭುಜದ ಹತ್ತಿರ ಮಾತಾಡುತ್ತಾ ಹೋಗಿ. ತಿನ್ನಿಸುವಾಗ ಅಂಗೈ ಚಪ್ಪಟೆ, ಹೆಬ್ಬೆರಳು ಒಳಗೆ.

ತುಮಕೂರಿನ ಅಮ್ಮ

ನಮ್ಮ ಕಾರಿನಲ್ಲಿ ಜಾಗ ಇದೆ. ಬರುವ ಶನಿವಾರ ಬನ್ನಿ, ನಿಮ್ಮ ಮಗಳು ಬ್ರಷ್ ಹಿಡಿಯಲಿ. ನಾನು ಅಲ್ಲಿಯ ಮೇಡಂಗೆ ಇವತ್ತೇ ಫೋನ್ ಮಾಡಿ ಫಿಟ್ಸ್ ವಿಷಯ ಹೇಳಿ ಕೇಳುತ್ತೇನೆ. ಐದು ಗಂಟೆಗೆ ರೆಡಿ ಇರಬೇಕು. ಅತ್ತೆ ಹುರುಳಿ ತರುತ್ತಾರಂತೆ.

ಲಾಯದವ

ಹಸಿ ಹುರುಳಿ ಕೊಡಬೇಡಿ, ಹೊಟ್ಟೆ ಉಬ್ಬರಿಸಿ ಶೂಲೆ ಬರುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ಮೆತ್ತಗೆ ಬೇಯಿಸಿ, ಪೂರ್ತಿ ಆರಿಸಿ ತನ್ನಿ. ಉಪ್ಪು ಬೇಡ. ಅಲ್ಲಿಯವರನ್ನು ಒಂದು ಮಾತು ಕೇಳಿ, ಅವರು ಹೂಂ ಅಂದರೆ ಒಂದು ಹಿಡಿ. ಜಾಸ್ತಿ ಬೇಡ.